ಬಗ್ಗೋ, ಬಿಸಿಲೋ?

ಏಪ್ರಿಲ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡೂವರೆ. ಫ್ಯಾನು ರೂಮಿನ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತಿತ್ತು. ಮನೆಯವರೆಲ್ಲ ಉಂಡು ಮಲಗಿದ್ದರು. ನಾನು ಜಕ್ಕೂರಿನ ರನ್‌ವೇ ಮೇಲೆ ಸೆಸ್ನಾ 172 ನಿಲ್ಲಿಸಿಕೊಂಡು ಕೂತಿದ್ದೆ. ರನ್‌ವೇ ಇದ್ದದ್ದು ರೂಮಿನ ಮೂಲೆಯ ಮೇಜಿನ ಮೇಲೆ, 27 ಇಂಚಿನ ಪರದೆಯೊಳಗೆ. ಥ್ರಾಟಲ್ ಪೂರ್ತಿ ಒತ್ತಿದೆ. ವಿಮಾನ ಓಡಿತು, 55 ನಾಟ್‌ಗೆ ಮೂತಿ ಎತ್ತಿತು, ನೆಲ ಬಿಟ್ಟಿತು. ಆಮೇಲೆ ಮೇಲಕ್ಕೇ ಹೋಗಲೊಲ್ಲದು. ಬಳ್ಳಾರಿ ರಸ್ತೆ ದಾಟಿ ಸಹಕಾರನಗರದ ತಾರಸಿಗಳ ಮೇಲೆ, ನೀರಿನ ಟ್ಯಾಂಕುಗಳ ಕಂಪನಿ ಹೆಸರು ಓದಬಹುದಾದಷ್ಟು ಕೆಳಗೆ, ಏದುಸಿರು ಬಿಡುತ್ತ ತೆವಳಿತು. ಏರುವ ದರ ತೋರಿಸುವ ಮುಳ್ಳು ನಿಮಿಷಕ್ಕೆ 250 ಅಡಿಯ ಹತ್ತಿರ ನಡುಗುತ್ತಿತ್ತು.

ಬಗ್ಗು, ಅಂದುಕೊಂಡೆ. ಅನುಮಾನವೇ ಇರಲಿಲ್ಲ. ಹಿಂದಿನ ವಾರವಷ್ಟೇ ಅಪ್‌ಡೇಟ್ ಆಗಿತ್ತು; ಅದರಲ್ಲೇ ಏನೋ ಕೆಡಿಸಿದ್ದಾರೆ. ಡ್ರೈವರ್ ಬದಲಿಸಿದೆ, ಸೆಟ್ಟಿಂಗ್ ಅಳಿಸಿದೆ, ಕೊನೆಗೆ ಇಡೀ ಸಿಮ್ಯುಲೇಟರನ್ನೇ ಕಿತ್ತುಹಾಕಿ ನೂರು ಜಿಬಿ ದಾಟುವ ಫೈಲನ್ನು ಮತ್ತೆ ಇಳಿಸಿಕೊಂಡೆ. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ದಿನ ಕಳೆದು ಮತ್ತೆ ಜಕ್ಕೂರು, ಮತ್ತೆ ಅದೇ ತಾರಸಿಗಳು, ಅದೇ ಟ್ಯಾಂಕುಗಳು.

ಸಿಟ್ಟಿನಲ್ಲಿ ಗೆಳೆಯನಿಗೆ ಫೋನ್ ಮಾಡಿದೆ. ಅವನು ವಿಮಾನ ಓಡಿಸುವವನು. ಕಾಸು ಕೊಟ್ಟು, ಬೆವರು ಸುರಿಸಿ ನಿಜವಾದ ಸೆಸ್ನಾದಲ್ಲಿ ಕಲಿತವನು.

‘ಟೆಂಪರೇಚರ್ ಎಷ್ಟಿತ್ತು?’

‘ಲೈವ್ ವೆದರ್ ಹಾಕಿದ್ದೆ. ಹೊರಗೆ ಎಷ್ಟಿದೆಯೋ ಅಷ್ಟು. 35 ಇರಬೇಕು.’

‘ಮಿಕ್ಸ್ಚರ್?’

‘ಪೂರ್ತಿ ಒಳಗೆ.’

‘ಎಷ್ಟು ಜನ ಕೂತಿದ್ರಿ?’

‘ನಾನೊಬ್ಬನೇ ಕಣೋ, ಇದು ನಮ್ಮನೆ ರೂಮು!’

‘ಲೋಡ್ ಪೇಜ್ ತೆಗೆದು ನೋಡು.’

ತೆಗೆದು ನೋಡಿದೆ. ನಾಲ್ಕೂ ಸೀಟಿನಲ್ಲಿ ತಲಾ 77 ಕೆ.ಜಿ.ಯ ನಾಲ್ವರು. ಟ್ಯಾಂಕು ತುಂಬಿ ತುಳುಕುತ್ತಿತ್ತು. ಸೆಸ್ನಾ 172 ಎಸ್ ಹೊತ್ತು ಏಳಬಹುದಾದ ಒಟ್ಟು ತೂಕ 2,550 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 1,157 ಕೆ.ಜಿ. ಆ ಮೂವರು ಅದೃಶ್ಯ ಪ್ರಯಾಣಿಕರ ದೆಸೆಯಿಂದ ನಾನು ಆ ಮಿತಿಯನ್ನು 50 ಕೆ.ಜಿ.ಗೂ ಮಿಗಿಲಾಗಿ ದಾಟಿದ್ದೆ. ನಿಜವಾದ ಜಕ್ಕೂರಿನಲ್ಲಾದರೆ ಯಾರೂ ನನ್ನನ್ನು ರನ್‌ವೇ ಕಡೆಗೇ ಬಿಡುತ್ತಿರಲಿಲ್ಲ.

ತೂಕ ಅರ್ಧ ಕಥೆ. ಇನ್ನರ್ಧ ಬಿಸಿಲಿನದು. ಬೆಂಗಳೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,000 ಅಡಿ ಮೇಲಿದೆ. ವಿಮಾನ ಶಾಸ್ತ್ರದ ಲೆಕ್ಕದ ಗಾಳಿ ಆ ಎತ್ತರದಲ್ಲಿ 9 ಡಿಗ್ರಿ ಇರಬೇಕು. ಇದ್ದದ್ದು 35. ಗಾಳಿ ಕಾದಷ್ಟೂ ಹಿಗ್ಗಿ ತೆಳ್ಳಗಾಗುತ್ತದೆ. ಹೆಚ್ಚಾದ ಒಂದೊಂದು ಡಿಗ್ರಿಗೆ ವಿಮಾನದ ಪಾಲಿಗೆ ನೆಲ ಸುಮಾರು 120 ಅಡಿ ಮೇಲೆದ್ದಂತೆ ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 26 ಡಿಗ್ರಿಗೆ 3,120 ಅಡಿ. ಮೂಲದ 3,000 ಕೂಡಿಸಿ. ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ: ಮೀಟರು 3,000 ಎಂದರೂ ಇಂಜಿನ್ನು, ರೆಕ್ಕೆ, ಪ್ರೊಪೆಲ್ಲರುಗಳಿಗೆ ಸಿಗುವ ಗಾಳಿ 6,100 ಅಡಿಯದು. ಮುಳ್ಳಯ್ಯನಗಿರಿಯ ತುದಿಗೆ ಇನ್ನೂರು ಅಡಿ ಚಿಲ್ಲರೆ ಕಡಿಮೆ, ಅಷ್ಟೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಸೆಸ್ನಾ ಉಸಿರಾಡುವುದು ಚಿಕ್ಕಮಗಳೂರಿನ ಬೆಟ್ಟದ ನೆತ್ತಿಯ ಗಾಳಿಯನ್ನು. ಟರ್ಬೊ ಇಲ್ಲದ 180 ಕುದುರೆಯ ಇಂಜಿನ್ ಅಲ್ಲಿ ಐದನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ಕಮ್ಮಿಯಾದಾಗ ಪೆಟ್ರೋಲನ್ನೂ ಕಮ್ಮಿ ಮಾಡಬೇಕು. ಅದಕ್ಕೇ ಮಿಕ್ಸ್ಚರ್ ಎಂಬ ಕೆಂಪು ಗುಬ್ಬಿ. 3,000 ಅಡಿಗಿಂತ ಮೇಲಿನ ನಿಲ್ದಾಣವಾದರೆ ಟೇಕಾಫ್‌ಗೆ ಮೊದಲೇ ಅದನ್ನು ತುಸು ಹೊರಗೆಳೆದು ಇಂಜಿನ್ನಿನ ಸುತ್ತು ಗರಿಷ್ಠ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಳ್ಳಿ ಎಂದು ವಿಮಾನದ ಕೈಪಿಡಿಯೇ ಹೇಳುತ್ತದೆ. ನಾನು ಗುಬ್ಬಿಯನ್ನು ಪೂರ್ತಿ ಒಳಗೊತ್ತಿ, ಮುಳ್ಳಯ್ಯನಗಿರಿಯ ಮೇಲೆ ನಿಂತ ಇಂಜಿನ್ನಿಗೆ ಗಂಟಲು ಮಟ್ಟ ಪೆಟ್ರೋಲು ಕುಡಿಸಿದ್ದೆ.

ಮೂವರನ್ನು ಇಳಿಸಿದೆ. ಟ್ಯಾಂಕು ಅರ್ಧ ಮಾಡಿದೆ. ಗುಬ್ಬಿ ಎಳೆದೆ. ವಿಮಾನ ಮರ್ಯಾದೆಯಿಂದ ಏರಿತು.

ಸಿಮ್ಯುಲೇಟರ್ ಸರಿಯಾಗಿಯೇ ಇತ್ತು. ನನಗೆ ಬೆಂಗಳೂರು ಗೊತ್ತಿರಲಿಲ್ಲ.

ಅವತ್ತಿನಿಂದ ಒಂದು ನೂರು ಪುಟದ ನೋಟ್‌ಬುಕ್ ಮೇಜಿನ ಮೇಲೆ ಬಂದು ಕೂತಿದೆ. ಏನೇ ವಿಚಿತ್ರ ಕಂಡರೂ ಎಡಬದಿಯಲ್ಲಿ ‘ಕೈಪಿಡಿ ಏನನ್ನುತ್ತದೆ’, ಬಲಬದಿಯಲ್ಲಿ ‘ಇಲ್ಲಿ ಏನಾಯಿತು’. ದೊಡ್ಡ ಸಿಮ್ಯುಲೇಟರುಗಳಲ್ಲೂ ಮಾಡುವುದು ಇದನ್ನೇ. ವಿಮಾನ ಸಂಸ್ಥೆಗಳು ಪೈಲಟ್‌ಗಳಿಗೆ ತರಬೇತಿ ಕೊಡುವ, ಕಾಲುಗಳ ಮೇಲೆ ಕುಣಿಯುವ ಆ ಬಿಳಿ ಡಬ್ಬಗಳು ಬಳಕೆಗೆ ಬರುವ ಮುಂಚೆ ಪರೀಕ್ಷೆ ಪಾಸಾಗಬೇಕು. ನಿಜವಾದ ವಿಮಾನವನ್ನು ಹಾರಿಸಿ ಬರೆದಿಟ್ಟ ಅಂಕಿಗಳ ಪಕ್ಕ ಡಬ್ಬದ ಅಂಕಿಗಳನ್ನು ಇಟ್ಟು ನೋಡುತ್ತಾರೆ. ಏರುವ ದರದಲ್ಲಿ ನಿಮಿಷಕ್ಕೆ 100 ಅಡಿಯೋ ಶೇ 5ರಷ್ಟೋ, ರೆಕ್ಕೆ ಗಾಳಿಯ ಹಿಡಿತ ತಪ್ಪುವ ಸ್ಟಾಲ್ ವೇಗದಲ್ಲಿ 3 ನಾಟೋ ಆಚೀಚೆಯಾದರೆ ಕ್ಷಮೆ. ಅದಕ್ಕಿಂತ ಹೆಚ್ಚಾದರೆ ಇಲ್ಲ. ಮನೆಯ ಸಿಮ್ಯುಲೇಟರಿಗೆ ಇಂಥ ಪರೀಕ್ಷಕರಿಲ್ಲ. ಹಣ ಕೊಟ್ಟು ಕೊಂಡ ವಿಮಾನದ ಪೆಟ್ಟಿಗೆಯ ಮೇಲೆ ‘ಅತ್ಯಂತ ವಾಸ್ತವಿಕ’ ಎಂದು ಬರೆದಿರುತ್ತದೆ. ಅದನ್ನು ಬರೆದವರು ಮಾರುವವರು.

ಹಾಗೆ ಕೊಂಡ ಒಂದು ಸೆಸ್ನಾದ ಕಥೆ ಹೇಳಬೇಕು. ನೋಡಲಿಕ್ಕೆ ಕಣ್ಣು ಕುಕ್ಕುವಂತಿತ್ತು. ಸೀಟಿನ ಹೊಲಿಗೆ, ಗಾಜಿನ ಮೇಲಿನ ಗೀರು, ಡ್ಯಾಶ್‌ಬೋರ್ಡಿನ ಧೂಳು, ಎಲ್ಲವೂ ಇತ್ತು. ಹಾರಿಸಿದರೆ ಇನ್ನೂ ಮಜಾ. ಜಕ್ಕೂರಿನ ಬಿಸಿಲಿಗೂ ಜಗ್ಗದೆ ಗಾಳಿಪಟದ ಹಾಗೆ ಏರುತ್ತಿತ್ತು. ಒಂದು ತಿಂಗಳು ಅದನ್ನೇ ಹಾರಿಸಿದೆ, ಗೆಳೆಯನಿಗೂ ಹೊಗಳಿದೆ. ಆಮೇಲೆ ನೋಟ್‌ಬುಕ್ ನೆನಪಾಯಿತು.

ಪರೀಕ್ಷೆಗೆ ಬಜ್ಪೆಯಿಂದ ಹೊರಟೆ. ಅರಬ್ಬಿ ಸಮುದ್ರದ ಮೇಲೆ ಹೋದರೆ ಗುಡ್ಡದ ಗೊಡವೆಯಿಲ್ಲ. ಗಾಳಿ ಸೊನ್ನೆ, ಉಷ್ಣತೆ 15 ಡಿಗ್ರಿ, ಒತ್ತಡ 1013. ತೂಕ ಕೈಪಿಡಿಯ ಮಿತಿಗೆ ಸರಿಯಾಗಿ. 500 ಅಡಿಗೆ ಇಳಿದು, ಥ್ರಾಟಲ್ ಪೂರ್ತಿ ಒತ್ತಿ, 74 ನಾಟ್ ವೇಗ ಹಿಡಿದು, 1,500 ಅಡಿ ಮುಟ್ಟುವವರೆಗೆ ಸ್ಟಾಪ್‌ವಾಚ್. ಸಮುದ್ರಮಟ್ಟದಲ್ಲಿ ಈ ವಿಮಾನ ನಿಮಿಷಕ್ಕೆ 730 ಅಡಿ ಏರುತ್ತದೆ ಎನ್ನುತ್ತದೆ ಕೈಪಿಡಿ. ಸಾವಿರ ಅಡಿಗೆ 80ರಿಂದ 90 ಸೆಕೆಂಡು ಹಿಡಿಯಬೇಕು. ಇದಕ್ಕೆ ಹಿಡಿದದ್ದು 50. ಮೂರು ಸಲ ಮಾಡಿದೆ: 50, 51, 50.

ಹಾಗಾದರೆ ತಪ್ಪು ಎಲ್ಲಿದೆ? ವಿಮಾನ ಬೇಗ ಏರಲು ಎರಡು ಕಾರಣ ಇರಬಹುದು: ಇಂಜಿನ್ನಿನಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಬಲ, ಅಥವಾ ಮೈಗೆ ತಾಗಬೇಕಾದಷ್ಟು ಗಾಳಿಯ ತಡೆ ಇಲ್ಲದಿರುವುದು. ಹಾರುವಾಗ ಎರಡೂ ಕಲಸಿಹೋಗಿರುತ್ತವೆ. ಬೇರ್ಪಡಿಸುವ ಉಪಾಯ ಸುಲಭ, ಹೊಳೆಯಲು ಮಾತ್ರ ಒಂದು ವಾರ ಬೇಕಾಯಿತು. ಇಂಜಿನ್ ಆರಿಸಿಬಿಡಬೇಕು. ಆಗ ಉಳಿಯುವುದು ಗಾಳಿಯ ತಡೆಯೊಂದೇ. ಇಂಜಿನ್ ಕೈಕೊಟ್ಟರೆ 172 ಎಸ್ 68 ನಾಟ್‌ನಲ್ಲಿ ಸಾವಿರ ಅಡಿ ಇಳಿಯುವಷ್ಟರಲ್ಲಿ ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಹೊತ್ತಿನ ಲೆಕ್ಕದಲ್ಲಿ ಒಂದೂಕಾಲು ನಿಮಿಷ. 5,000 ಅಡಿಯಲ್ಲಿ ಇಂಜಿನ್ ನಿಲ್ಲಿಸಿದೆ. ಕೆಳಗೆ ಸಮುದ್ರ, ಕಿವಿಯಲ್ಲಿ ಬರೀ ಗಾಳಿಯ ಸದ್ದು, ಕೈಯಲ್ಲಿ ಸ್ಟಾಪ್‌ವಾಚ್. 76 ಸೆಕೆಂಡು. ತಡೆ ಸರಿಯಾಗಿತ್ತು.

ಅಂದಮೇಲೆ ಕಳ್ಳ ಇಂಜಿನ್ನಿನಲ್ಲಿದ್ದಾನೆ. 2,550 ಪೌಂಡಿನ ವಿಮಾನವನ್ನು ನಿಮಿಷಕ್ಕೆ ಹೆಚ್ಚುವರಿ 470 ಅಡಿ ಎತ್ತಲು ಎಷ್ಟು ಬಲ ಬೇಕು ಎಂಬುದು ಹೈಸ್ಕೂಲ್ ಲೆಕ್ಕ. ಪ್ರೊಪೆಲ್ಲರ್ ಪೋಲು ಮಾಡುವುದನ್ನೂ ಸೇರಿಸಿದರೆ 45 ಕುದುರೆಯ ಆಸುಪಾಸು ಬಂತು. 180 ಇರಬೇಕಾದ ಲಾಯದಲ್ಲಿ ಯಾರೋ 45 ಕುದುರೆ ಕದ್ದು ತಂದು ಕಟ್ಟಿದ್ದರು. ಸಮುದ್ರದ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ನೇರ ಹಾರಿಸಿದೆ. ಕೈಪಿಡಿಯ 126 ನಾಟ್ ಬದಲು 135 ಬಂತು. ವೇಗ ಶಕ್ತಿಯ ಘನಮೂಲದ ಜೊತೆ ಹೋಗುವಂಥದ್ದು. ಕಾಲು ಪಾಲು ಹೆಚ್ಚು ಶಕ್ತಿ ಹಾಕಿದರೆ ಸುಮಾರು ಶೇ 8ರಷ್ಟು ಹೆಚ್ಚು ವೇಗ. ಲೆಕ್ಕ ಕೂಡಿತು. ವಿಮಾನದ ಫೋಲ್ಡರಿನೊಳಗೆ ಹೊಕ್ಕೆ. ಈ ಜಾತಿಯ ಸಿಮ್ಯುಲೇಟರುಗಳಲ್ಲಿ ವಿಮಾನದ ಜಾತಕವೆಲ್ಲ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದಾದ ಸಾದಾ ಫೈಲಿನಲ್ಲಿ ಇರುತ್ತದೆ: ರೆಕ್ಕೆಯ ಉದ್ದ, ಚಕ್ರದ ಸ್ಥಾನ, ಟ್ಯಾಂಕಿನ ಗಾತ್ರ. ಪಿಸ್ಟನ್ ಇಂಜಿನ್ ಎಂಬ ತಲೆಬರಹದ ಕೆಳಗೆ ‘ಪವರ್ ಸ್ಕೇಲರ್’ ಎಂಬ ಸಾಲು. 1 ಇರಬೇಕಾದ ಕಡೆ 1.25 ಇತ್ತು.

ನೋಡಿ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಯಾಕೆ ಹಾಗೆ ಬರೆದಿದ್ದರು ಎಂಬುದಕ್ಕೆ ನನ್ನಲ್ಲಿರುವುದು ಗುಮಾನಿ ಮಾತ್ರ. ಮೊದಲು ಸರಿಯಾಗಿಯೇ ಮಾಡಿರುತ್ತಾರೆ. ಆಮೇಲೆ ನನ್ನಂಥವರು, ನಾಲ್ಕು ಜನರನ್ನು ಕೂರಿಸಿಕೊಂಡು ಬಿಸಿಲಿನಲ್ಲಿ ಮಿಕ್ಸ್ಚರ್ ಎಳೆಯದೆ ಹೊರಟವರು, ‘ವಿಮಾನ ಏರುತ್ತಿಲ್ಲ, ಬಗ್ ಇದೆ, ದುಡ್ಡು ವಾಪಸ್ ಕೊಡಿ’ ಎಂದು ಗಂಟೆ ಬಾರಿಸಿರುತ್ತಾರೆ. ಗಿರಾಕಿಯ ಬಾಯಿ ಮುಚ್ಚಿಸಲು ಕಾಲು ಪಾಲು ಕುದುರೆ ಸೇರಿಸುವುದು ಸುಲಭ. ನಿಜವನ್ನು ಬಗ್ ಎಂದು ದೂರಿದ್ದಕ್ಕೆ ಬಗ್ಗೇ ನಿಜವಾಗಿ ಮನೆಗೆ ಬಂತು. ನಾನು ತಿಂಗಳಿಡೀ ಅದನ್ನು ಹೊಗಳಿದೆ.

ವಿಮಾನವನ್ನು ನೆಲದ ಮೇಲೆ ನಕಲು ಮಾಡುವುದು ಹೇಗೆ ಎಂಬ ತಲೆಬಿಸಿ ಹಳೆಯದು. ಕಂಪ್ಯೂಟರಿಗಿಂತಲೂ ಹಳೆಯದು. 1929ರಲ್ಲಿ ಅಮೆರಿಕದ ಬಿಂಗ್‌ಹ್ಯಾಂಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬಾತ ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ಓಲಾಡುವ ಒಂದು ಪುಟ್ಟ ವಿಮಾನ ಕಟ್ಟಿದ. ನಮ್ಮ ಹಾರ್ಮೋನಿಯಂ ತಿದಿಯ ಅಣ್ಣನೇ ಅದು. ಮೊದಮೊದಲು ಜಾತ್ರೆಯ ಆಟದ ಸಾಮಾನಾಗಿತ್ತು. 1934ರಲ್ಲಿ ಟಪಾಲು ಸಾಗಿಸಲು ಹೋದ ಸೇನೆಯ ಪೈಲಟ್‌ಗಳು ಮಂಜು ಮೋಡದಲ್ಲಿ ಸಿಕ್ಕಿ ಸಾಲುಸಾಲಾಗಿ ಸತ್ತ ಮೇಲೆ ಸೇನೆ ಅಂಥ ಆರನ್ನು ಕೊಂಡಿತು. ಮನೆಗೆ ಬಂದ ಸಿಮ್ಯುಲೇಟರಿನ ಮೂಲಪುರುಷ ಬ್ರೂಸ್ ಆರ್ಟ್‌ವಿಕ್. 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದ ಬೆನ್ನು ಹತ್ತಿ 1980ರ ಹೊತ್ತಿಗೆ ಆ್ಯಪಲ್ 2ರ ಮೇಲೆ ವಿಮಾನ ಹಾರಿಸಿದ. 1982ರಲ್ಲಿ ಅದು ಮೈಕ್ರೋಸಾಫ್ಟ್ ಹೆಸರಿನಲ್ಲಿ ಐಬಿಎಂ ಪಿಸಿಗೆ ಬಂತು. ಗೆರೆಗಳ ಬೆಟ್ಟ, ಗೆರೆಗಳ ರನ್‌ವೇ. ಆದರೂ ಹಾರುತ್ತಿತ್ತು.

ವಿಮಾನ ಹೇಗೆ ಹಾರಬೇಕೆಂದು ಲೆಕ್ಕ ಹಾಕುವ ಹಳೆಯ ಪದ್ಧತಿ ಕೋಷ್ಟಕದ್ದು. ಇಷ್ಟು ವೇಗ, ಮೂತಿ ಇಷ್ಟು ಮೇಲೆ ಇದ್ದರೆ ಇಷ್ಟು ಎತ್ತುವ ಬಲ ಎಂದು ಬರೆದಿಟ್ಟದ್ದನ್ನು ಓದಿ ಹೇಳುವುದು, ನಮ್ಮ ಹಿರಿಯರು ಮಗ್ಗಿ ಪುಸ್ತಕ ನೋಡಿ ಹೇಳಿದ ಹಾಗೆ. ಕೋಷ್ಟಕದ ಒಳಗಿರುವವರೆಗೆ ಅದರಷ್ಟು ಕರಾರುವಾಕ್ಕು ಬೇರೊಂದಿಲ್ಲ; ಆಚೆ ಹೋದರೆ ಅದು ಬುಡಬುಡಿಕೆ. ಆಸ್ಟಿನ್ ಮೆಯರ್ ತನ್ನ ಎಕ್ಸ್-ಪ್ಲೇನ್‌ಗೆ ಬೇರೆ ದಾರಿ ಹಿಡಿದ. ರೆಕ್ಕೆಯನ್ನು, ಪ್ರೊಪೆಲ್ಲರನ್ನು ತುಂಡುತುಂಡು ಮಾಡಿ ಒಂದೊಂದು ತುಂಡಿಗೂ ಆ ಕ್ಷಣ ಬಡಿಯುವ ಗಾಳಿಯನ್ನು ಲೆಕ್ಕ ಹಾಕಿ ಕೂಡಿಸುವುದು. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರನ್ನು ಕಟ್ಟಿದ ಫ್ರಾನ್ಸಿನ ಅಸೋಬೊ ಕೂಡ ವಿಮಾನದ ಮೈಯನ್ನು ಸಾವಿರದಷ್ಟು ಭಾಗ ಮಾಡಿತು. ಹಳೆಯ ಕೋಷ್ಟಕದ ವಿಮಾನಗಳಿಗೆಂದು ಅದರಲ್ಲಿ ‘ಲೆಗಸಿ’ ಎಂಬ ಬೇರೆ ಸ್ವಿಚ್ಚೂ ಇದೆ. ಹಳೆಯದನ್ನು ತಂದು ಹೊಸ ಗಾಳಿಯಲ್ಲಿ ಹಾರಿಸಿದವರ ವಿಮಾನ ರನ್‌ವೇ ಮೇಲೆ ಇಳಿಯಲೊಲ್ಲದೆ ತೇಲಿಕೊಂಡೇ ಹೋಗುವುದು ಬಹಳ ಸಲ ಈ ಸ್ವಿಚ್ಚಿನ ಮಹಿಮೆ.

ಲೆಕ್ಕ ಯಾವುದೇ ಇರಲಿ, ಕಂಪ್ಯೂಟರ್ ಅದನ್ನು ಹರಿಯುವ ನೀರಿನ ಹಾಗೆ ಮಾಡುವುದಿಲ್ಲ. ಹೆಜ್ಜೆ ಹೆಜ್ಜೆಯಾಗಿ ಮಾಡುತ್ತದೆ. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರಿನಲ್ಲಿ ಸೆಕೆಂಡಿಗೆ 120 ಹೆಜ್ಜೆ. ಹೆಜ್ಜೆ ದೊಡ್ಡದಾದರೆ ಏನಾಗುತ್ತದೆಂದು ನೋಡಬೇಕಾದರೆ ನಿಂತ ವಿಮಾನದ ಚಕ್ರ ನೋಡಿ. ಚಕ್ರ ನೆಲಕ್ಕೆ ಕೂದಲೆಳೆಯಷ್ಟು ಹೂತಿದೆ ಎಂದುಕೊಳ್ಳಿ. ಸ್ಪ್ರಿಂಗು ಮೇಲಕ್ಕೆ ತಳ್ಳಬೇಕು. ಸಣ್ಣ ಹೆಜ್ಜೆಯಾದರೆ ತಳ್ಳಿ, ನೋಡಿ, ನಿಲ್ಲಿಸುತ್ತದೆ. ದೊಡ್ಡ ಹೆಜ್ಜೆಯಾದರೆ ನೋಡುವಷ್ಟರಲ್ಲಿ ತಳ್ಳಿದ್ದು ಹೆಚ್ಚಾಗಿ ಚಕ್ರ ಗಾಳಿಯಲ್ಲಿದೆ; ಬಿದ್ದಾಗ ಮೊದಲಿಗಿಂತ ಆಳಕ್ಕೆ; ಈ ಸಲ ಇನ್ನೂ ಜೋರು ತಳ್ಳು. ನಾಲ್ಕೈದು ಸುತ್ತಿನಲ್ಲಿ, ಪಾರ್ಕಿಂಗ್ ಬ್ರೇಕ್ ಹಾಕಿ ನಿಂತ ವಿಮಾನ ಜ್ವರ ಬಂದಂತೆ ನಡುಗಿ, ಪಲ್ಟಿ ಹೊಡೆದು, ಆಕಾಶಕ್ಕೆ ಚಿಮ್ಮುತ್ತದೆ. ನೋಡಿದವರು ದೆವ್ವ ಎಂದರೆ ತಪ್ಪಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ನನ್ನ ನೋಟ್‌ಬುಕ್ಕಿನ ಎರಡು ಪುಟ ಹಾಳಾದದ್ದು ಅದರಿಂದ. ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ 20ರಿಂದ ಕೆಳಗಿಳಿದರೆ ಎಕ್ಸ್-ಪ್ಲೇನ್ ಲೆಕ್ಕ ತಪ್ಪಿಸುವ ಬದಲು ಕಾಲವನ್ನೇ ನಿಧಾನ ಮಾಡುತ್ತದೆ. ಒಳಗಿನ ಒಂದು ನಿಮಿಷ ಹೊರಗಿನ ಒಂದೂಕಾಲು ನಿಮಿಷ. ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು, ವಿಮಾನ ನಿಧಾನವಾಗಿ ಏರುತ್ತಿದೆ ಎಂದು ಕೆಂಪಿಂಕಿನಲ್ಲಿ ಬರೆದಿದ್ದೆ. ಈಗ ನಂಬುವುದು ಕಾಕ್‌ಪಿಟ್ಟಿನ ಗಡಿಯಾರವನ್ನೊಂದೇ.

ಲೆಕ್ಕದ ತಪ್ಪಿಗಿಂತ ಹೆಚ್ಚು ಕಾಡುವುದು ಕೈಕಾಲಿನ ಹತ್ತಿರದ ತಪ್ಪುಗಳು. ಎಸ್.ಪಿ. ರೋಡಿನಿಂದ ತಂದ ಜಾಯ್‌ಸ್ಟಿಕ್ ಎರಡು ವರ್ಷಕ್ಕೆ ಬಲಕ್ಕೆ ವಾಲತೊಡಗಿತು. ಒಳಗಿನ ಪೊಟೆನ್ಶಿಯೊಮೀಟರ್ ಸವೆದಿರುತ್ತದೆ, ಹಳೆಯ ರೇಡಿಯೊದ ವಾಲ್ಯೂಮ್ ಗುಬ್ಬಿ ಕರಕರ ಎನ್ನುವ ಹಾಗೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಆರು ತಿಂಗಳ ಆಯಸ್ಸು. ಅಯಸ್ಕಾಂತದ ಹಾಲ್ ಸೆನ್ಸರ್ ಇರುವುದನ್ನು ತಂದರೆ ಈ ರೋಗವೇ ಇಲ್ಲ. ಆದರೆ ಟೇಕಾಫ್ ಓಟದಲ್ಲಿ ಸೆಸ್ನಾ ಎಡಕ್ಕೆ ಎಳೆಯುವುದು ರೋಗವಲ್ಲ. ಪ್ರೊಪೆಲ್ಲರ್ ಸುತ್ತುವ ದಿಕ್ಕು, ಅದು ಹಿಂದಕ್ಕೆ ಎಸೆಯುವ ಸುರುಳಿಗಾಳಿ ಬಾಲಕ್ಕೆ ಬಡಿಯುವುದು, ಎಲ್ಲ ಸೇರಿ ಎಡಕ್ಕೇ ತಳ್ಳುತ್ತವೆ. ಬಲಗಾಲಿನಿಂದ ಒತ್ತಿ ಬಾಲದ ಹಲಗೆ ತಿರುಗಿಸುವ ರಡ್ಡರ್ ಇರುವುದೇ ಅದಕ್ಕೆ. ನಾನು ಜಾಯ್‌ಸ್ಟಿಕ್ಕಿನ ವಾಲುವಿಕೆಯನ್ನು ವಿಮಾನದ ಗುಣವೆಂದೂ, ವಿಮಾನದ ಗುಣವನ್ನು ಜಾಯ್‌ಸ್ಟಿಕ್ಕಿನ ವಾಲುವಿಕೆಯೆಂದೂ ಸರಿಯಾಗಿ ತಿರುವುಮುರುವಾಗಿ ನಂಬಿಕೊಂಡಿದ್ದೆ.

ಪೆಡಲ್ ತಂದಾಗ ವಿಮಾನ 30 ನಾಟ್ ಮೀರಿ ಓಡಲೇ ಇಲ್ಲ. ಬ್ರೇಕಿನ ದಿಕ್ಕು ಉಲ್ಟಾ ಆಗಿತ್ತು. ಕಾಲು ತೆಗೆದರೆ ಪೂರ್ತಿ ಬ್ರೇಕು, ಒತ್ತಿದರೆ ಬಿಡುಗಡೆ. ಒಂದು ಟಿಕ್ ಗುರುತಿನ ಕೆಲಸ. ಎಲ್ಲಕ್ಕಿಂತ ಅವಮಾನದ್ದು ಇನ್ನೊಂದು. ಮೂರು ಸಂಜೆ ವಿಮಾನ ತನ್ನಷ್ಟಕ್ಕೆ ಮೂತಿ ತಗ್ಗಿಸುತ್ತಿತ್ತು. ಟ್ರಿಮ್ ನೋಡಿದೆ, ಆಟೊಪೈಲಟ್ ನೋಡಿದೆ, ಎಲ್ಲ ಸರಿ. ನಾಲ್ಕನೇ ಸಂಜೆ ಮಗಳು ಸೋಫಾ ಮೇಲಿನ ದಿಂಬು ಎತ್ತಿದಳು; ವಿಮಾನ ತಕ್ಷಣ ನೆಟ್ಟಗಾಯಿತು. ದಿಂಬಿನಡಿ ಅವಳ ವೈರ್‌ಲೆಸ್ ಗೇಮ್ ಕಂಟ್ರೋಲರ್ ಬೋರಲು ಬಿದ್ದಿತ್ತು, ಅದರ ಗುಬ್ಬಿ ಮುಂದಕ್ಕೆ ಒತ್ತಿಕೊಂಡಿತ್ತು. ಸಿಮ್ಯುಲೇಟರು ಅದನ್ನೂ ಒಬ್ಬ ಕೋಪೈಲಟ್ ಎಂದು ಸದ್ದಿಲ್ಲದೆ ಸೇರಿಸಿಕೊಂಡಿತ್ತು.

ಕಾರಣ ಇಷ್ಟು ಹತ್ತಿರದಲ್ಲಿ ಇಲ್ಲದಿದ್ದರೆ ಲೈನ್‌ಮನ್ ಬುದ್ಧಿ ಬಳಸಬೇಕು. ಫ್ಯೂಸ್ ಪದೇಪದೇ ಹಾರಿದರೆ ಅವನು ಊರಿಡೀ ಕಂಬ ಹತ್ತುವುದಿಲ್ಲ. ಅರ್ಧ ಊರಿನ ಲೈನು ಬಿಡಿಸಿ ನೋಡುತ್ತಾನೆ. ಸಿಮ್ಯುಲೇಟರಿಗೆ ಸೇರಿಸಿಕೊಂಡ ವಿಮಾನ, ನಿಲ್ದಾಣ, ಮರಗಿಡಗಳ ಪ್ಯಾಕೇಜು 64 ಇವೆ ಎನ್ನಿ. 32 ಹೊರಗಿಡಿ. ತೊಂದರೆ ಹೋಯಿತೇ? ಕಳ್ಳ ಹೊರಗಿಟ್ಟವರಲ್ಲಿದ್ದಾನೆ. ಹೋಗಲಿಲ್ಲವೇ? ಉಳಿದವರಲ್ಲಿ. ಆರು ಸುತ್ತಿಗೆ ಒಬ್ಬನೇ ಉಳಿಯುತ್ತಾನೆ. ಒಂದೊಂದಾಗಿ ತೆಗೆದು ನೋಡುತ್ತ ಕೂತರೆ ಯುಗಾದಿಯಿಂದ ದೀಪಾವಳಿ.

ಭೂಪಟದ ತಪ್ಪುಗಳು ಬೇರೆಯೇ ಜಾತಿ, ಅವುಗಳಲ್ಲಿ ಕೆಲವು ತಮಾಷೆ. 2020ರ ಆಗಸ್ಟ್‌ನಲ್ಲಿ ಮೆಲ್ಬರ್ನ್ ಹೊರವಲಯದ ಸಾಧಾರಣ ಮನೆಗಳ ನಡುವೆ 212 ಮಹಡಿಯ ಸೂಜಿಯಂಥ ಗೋಪುರ ಎದ್ದಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಮಾಹಿತಿ ತುಂಬಿದವರೊಬ್ಬರು 2 ಎಂದು ಒತ್ತುವಲ್ಲಿ 212 ಒತ್ತಿದ್ದರು. ಆಮೇಲೆ ತಿದ್ದಿದ್ದೂ ಆಗಿತ್ತು, ಆದರೆ ಅಷ್ಟರಲ್ಲಿ ಆ ಅಂಕಿ ಸಿಮ್ಯುಲೇಟರಿನ ಹೊಟ್ಟೆ ಸೇರಿತ್ತು. ಜನ ಅದನ್ನು ಸುತ್ತುಹಾಕಲು ಯಾತ್ರೆ ಹೊರಟರು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಅದೇ ಸಿಮ್ಯುಲೇಟರಿನಲ್ಲಿ ಆಫೀಸು ಕಟ್ಟಡದ ಹಾಗೆ ಕಂಡಿತು. ನಮ್ಮ ಪಾಲಿಗೆ ಬಂದ ತಪ್ಪು ಕಾಲದ್ದು: 2006ರ ಸಿಮ್ಯುಲೇಟರ್ ಇಟ್ಟುಕೊಂಡವರು ದೇವನಹಳ್ಳಿಗೆ ಹಾರಿದರೆ ಅಲ್ಲಿ ಬಯಲು ಮಾತ್ರ. ಹೊಸ ನಿಲ್ದಾಣ ಶುರುವಾದದ್ದು 2008ರ ಮೇ 24ಕ್ಕೆ. ಅದಕ್ಕೆ ಪ್ರತಿಯಾಗಿ ಷಿಕಾಗೊದ ಮೀಗ್ಸ್ ಫೀಲ್ಡ್ ನಿಲ್ದಾಣ. ಎಷ್ಟೋ ವರ್ಷ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ತೆರೆದರೆ ವಿಮಾನ ನಿಂತಿರುತ್ತಿದ್ದದ್ದೇ ಅಲ್ಲಿ. 2003ರ ಮಾರ್ಚ್ ಕೊನೆಯ ಒಂದು ರಾತ್ರಿ ಮೇಯರ್ ಬುಲ್ಡೋಜರ್ ಕಳಿಸಿ ರನ್‌ವೇ ಅಗೆಸಿದರು. ಹಳೆಯ ಸಿ.ಡಿ.ಗಳಲ್ಲಿ ಅದು ಇನ್ನೂ ಇದೆ, ಬೆಳಗಿನ ಬೆಳಕಿನಲ್ಲಿ, ಸರೋವರದ ಪಕ್ಕ.

ಇಷ್ಟೆಲ್ಲ ಕೇಳಿದ ಮನೆಯವಳು ಒಂದು ದಿನ ಕೇಳಿದಳು: ‘ನಿಜವಾದ ವಿಮಾನ ಅಲ್ಲವಲ್ಲ, ಹೇಗೆ ಹಾರಿದರೇನು?’ ಸರಿಯಾದ ಪ್ರಶ್ನೆ. ಉತ್ತರ ನನ್ನ ರೂಮಿನಲ್ಲಿ ಇರಲಿಲ್ಲ.

2001ರ ನವೆಂಬರ್ 12ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ 587ನೇ ವಿಮಾನ ಮುಂದೆ ಹೋದ ಜಂಬೋ ಎಬ್ಬಿಸಿದ ಸುಳಿಗಾಳಿಗೆ ಸಿಕ್ಕಿತು. ಅಂಥ ಕುಲುಕಾಟ ದಿನನಿತ್ಯದ್ದು. ಸಹ ಪೈಲಟ್ ರಡ್ಡರನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಕೊನೆಮುಟ್ಟ ಒತ್ತಿದ. ನಿಂತ ಬಾಲವೇ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಜನ, ಕೆಳಗಿನ ಕ್ವೀನ್ಸ್ ಬಡಾವಣೆಯ ಐವರು ಸತ್ತರು. ರಡ್ಡರಿನ ಅತಿ ಬಳಕೆಯೇ ಕಾರಣ ಎಂದು 2004ರಲ್ಲಿ ಹೇಳಿದ ಅಮೆರಿಕದ ತನಿಖಾ ಮಂಡಳಿ, ಆ ವಿಮಾನದ ರಡ್ಡರ್ ವ್ಯವಸ್ಥೆಯ ಸ್ವಭಾವವನ್ನೂ ಸಂಸ್ಥೆಯ ತರಬೇತಿಯ ಕೆಲವು ಅಂಶಗಳನ್ನೂ ಪೂರಕ ಕಾರಣವಾಗಿ ಸೇರಿಸಿತು. ಆ ತರಬೇತಿಯಲ್ಲಿ ಸಿಮ್ಯುಲೇಟರಿನ ಒಂದು ಪಾಠವಿತ್ತು. ಸುಳಿಗಾಳಿ ಹೊಡೆದಾಗ ಪೈಲಟ್ ಏನೇ ಮಾಡಿದರೂ ಕೆಲ ಹೊತ್ತು ವಿಮಾನ ಕೇಳದಂತೆ ಪ್ರೋಗ್ರಾಂ ಅದನ್ನು ಕಟ್ಟಿಹಾಕಿ ಕಡಿದಾಗಿ ವಾಲಿಸುತ್ತಿತ್ತು. ಕಷ್ಟದ ಸ್ಥಿತಿಯಿಂದ ಹೊರಬರುವುದನ್ನು ಕಲಿಸಲೆಂದು ಬೇಕೆಂದೇ ಹಾಗೆ ಮಾಡಿದ್ದು. ಆದರೆ ಕೂತವನ ಕಾಲಿಗೆ ಹೋದ ಸಂದೇಶ ಬೇರೆ: ಸುಳಿಗಾಳಿ ಎಂದರೆ ಇಷ್ಟು ಭಯಂಕರ, ಅದಕ್ಕೆ ಇಷ್ಟು ಜೋರಾಗಿಯೇ ಒದೆಯಬೇಕು. ನಿಜವಾದ ವಿಮಾನ ಎಂದೂ ಹಾಗೆ ನಡೆದುಕೊಳ್ಳುವುದಿಲ್ಲ.

ಆ ಪಾಠ ಹೇಳಿದ್ದು ಕೋಟಿಗಟ್ಟಲೆ ಬೆಲೆಯ, ಪರೀಕ್ಷೆ ಪಾಸಾದ ಡಬ್ಬ. ಸ್ಟಾಲ್ ವಿಷಯದಲ್ಲೂ ಅಂಥ ಡಬ್ಬಗಳ ಜ್ಞಾನ ಅಂಚಿನವರೆಗಷ್ಟೇ ಇತ್ತು. ರೆಕ್ಕೆ ಗಾಳಿಯ ಹಿಡಿತ ತಪ್ಪಿದ ಮೇಲೆ ಏನಾಗುತ್ತದೆ ಎಂಬಲ್ಲಿ ಅಳತೆ ಮುಗಿದು ಊಹೆ ಶುರುವಾಗುತ್ತಿತ್ತು. 2009ರಲ್ಲಿ ಬಫಲೋ ಬಳಿ ಕೋಲ್ಗನ್ ವಿಮಾನ, ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447 ಸ್ಟಾಲ್‌ನಲ್ಲೇ ಬಿದ್ದ ನಂತರ ಅಮೆರಿಕದ ನಿಯಮ ಬದಲಾಯಿತು; ಸ್ಟಾಲ್‌ನ ಆಚೆಯನ್ನೂ ತೋರಿಸಬೇಕೆಂಬ ಷರತ್ತು ಬಂದದ್ದು 2016ರಲ್ಲಿ. ನನ್ನ ಮೇಜಿನ ಮೇಲಿನ ಸೆಸ್ನಾ ಸ್ಪಿನ್ ಆಗಿ ಬೀಳುವಾಗ ನಾನೀಗ ಅದನ್ನು ಸಿನಿಮಾ ನೋಡುವಂತೆ ನೋಡುತ್ತೇನೆ. ಕಲಿಯಲು ಹೋಗುವುದಿಲ್ಲ.

ಗೆಳೆಯ ಒಮ್ಮೆ ಮನೆಗೆ ಬಂದು ಹಾರಿಸಿದ. ತಿದ್ದಿದ ಸೆಸ್ನಾ, 1.25 ಅಳಿಸಿ 1 ಬರೆದದ್ದು. ಅಂಕಿಗಳೆಲ್ಲ ಸರಿ ಎಂದ. ಮೂರು ಸಲ ಇಳಿಸಿದ, ಮೂರು ಸಲವೂ ರನ್‌ವೇಗೆ ಧೊಪ್ಪೆಂದು ಬಡಿದ. ನನಗೆ ಒಳಗೊಳಗೇ ಖುಷಿ. ನಾನು ಬೆಣ್ಣೆಯ ಹಾಗೆ ಇಳಿಸುತ್ತೇನೆ. ‘ನೆಲ ಬರ್ತಾ ಇರೋದು ನಂಗೆ ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗತ್ತೆ. ಇಲ್ಲಿ ಸೊಂಟಕ್ಕೆ ಏನೂ ಗೊತ್ತಾಗ್ತಿಲ್ಲ,’ ಎಂದ. ಯೋಕ್ ಎಂಬ ಚುಕ್ಕಾಣಿ ಅಲುಗಿಸಿ, ‘ಇದು ಇಷ್ಟು ಹಗುರ ಇರಬಾರದು. ವೇಗ ಕಮ್ಮಿಯಾದಾಗ ಸಡಿಲ ಆಗಬೇಕು, ಹೆಚ್ಚಾದಾಗ ಬಿಗಿಯಾಗಬೇಕು. ಇದು ಯಾವಾಗಲೂ ಒಂದೇ,’ ಎಂದ. ನೋಟ್‌ಬುಕ್ ತೆಗೆದು ಬಲಬದಿಯಲ್ಲಿ ಬರೆದುಕೊಂಡೆ. ಎಡಬದಿಗೆ ಏನು ಬರೆಯುವುದೆಂದು ತಿಳಿಯಲಿಲ್ಲ. ಸೊಂಟದ ಕೈಪಿಡಿ ಇಲ್ಲ.

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಜಕ್ಕೂರಿನ ಕಾಂಪೌಂಡಿನ ಆಚೆ, ರಸ್ತೆ ಬದಿಯ ಟೀ ಗಾಡಿಯ ನೆರಳಿನಲ್ಲಿ ನಿಂತಿದ್ದೆ. ಡಾಂಬರು ಕರಗುವಂಥ ಬಿಸಿಲು. ಒಳಗಿನಿಂದ ಪುಟ್ಟ ವಿಮಾನವೊಂದು ಗುರುಗುಟ್ಟಿಕೊಂಡು ಓಡಿತು, ನೆಲ ಬಿಟ್ಟಿತು, ಬೇಲಿಯ ಮೇಲೆ ಹಾಯಿತು. ಅಭ್ಯಾಸಬಲ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಓಡುತ್ತಿತ್ತು. ಮೂತಿ ಮೇಲಕ್ಕೆ, ವಿಮಾನ ಮಾತ್ರ ಇದ್ದಲ್ಲೇ. ಸೆಕೆಂಡುಗಳು ಉರುಳಿದವು. ತಾರಸಿಗಳ ಮೇಲೆ, ನೀರಿನ ಟ್ಯಾಂಕುಗಳ ಮೇಲೆ, ಒಂದೊಂದೇ ಗೇಣು ಏರುತ್ತ ಅದು ಹಬೆಯಾಡುವ ಬಿಳಿ ಆಕಾಶದೊಳಗೆ ಸಣ್ಣದಾಯಿತು.

ಟೀ ಸೋಸುತ್ತಿದ್ದವನು ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡುತ್ತಿದ್ದ.

‘ಇಂಜಿನ್ ಪ್ರಾಬ್ಲಂ ಸಾರ್ ಅದು,’ ಎಂದ. ‘ಬೆಳಿಗ್ಗೆ ಹೊತ್ತು ಚೆನ್ನಾಗೇ ಏರುತ್ತೆ. ಮಧ್ಯಾಹ್ನ ಆದ್ರೆ ಸಾಕು, ಹಿಂಗೇ.’